ಖಡಿಗೆ ಸುಣ್ಣ ಹೊಡೆಸಿದವರು

ಕಳೆದ ತಿಂಗಳು ಈಸ್ಟ್ ಬ್ರನ್ಸ್‌ವಿಕ್ ಬಳಿಯ ಫ್ಯೂನರಲ್ ಹೋಮ್‌ನಲ್ಲಿ ಅವರಿಗೆ ಸೂಟು ಹಾಕಿ ಮಲಗಿಸಿದ್ದರು. ನಾನು ಅವರನ್ನು ಸೂಟಿನಲ್ಲಿ ಕಂಡದ್ದೇ ಕಡಿಮೆ. ಆದರೆ ಎದೆಯ ಜೇಬಿನಲ್ಲಿ ಬಿಳಿಯ ಚಾಕ್‌ಪೀಸಿನ ತುಂಡೊಂದು ಇಣುಕುತ್ತಿತ್ತು. ಇಟ್ಟವಳು ಮಗಳು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, “ಹಿ ನೆವರ್ ಲೆಫ್ಟ್ ದ ಹೌಸ್ ವಿದೌಟ್ ಇಟ್, ಆಂಟಿ” ಎಂದಳು.

ನಮ್ಮ ಕೂಟದ ಮಕ್ಕಳಿಗೆಲ್ಲ ಅವರು ಚಾಕ್ ಅಂಕಲ್. ದೊಡ್ಡವರು ಬೆನ್ನ ಹಿಂದೆ ಇಟ್ಟ ಹೆಸರು ಬೇರೆ: ಊಟದ ರಾಯರು. ಆ ಊಟ ಯಾವುದೆಂದು ಮುಂದೆ ಹೇಳುತ್ತೇನೆ. ಅವರ ನಿಜವಾದ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಬೇಡ ಎಂದಿದ್ದಾರೆ.

ಅನುಮಾನ ಕೆಲವರಿಗೆ ಕಾಯಿಲೆ, ಅವರಿಗೆ ಅದು ಕಸುಬು. ನನ್ನದೂ ಅದೇ ಜಾತಿಯ ಸ್ವಭಾವ. ಮದುವೆಯಾಗಿ ಬಂದ ಹೊಸತರಲ್ಲೇ ನಮ್ಮತ್ತೆ, “ಇವಳು ಮೊಸರಲ್ಲಿ ಕಲ್ಲು ಹುಡುಕೋಳು” ಎಂದು ತೀರ್ಮಾನಿಸಿದ್ದರು. ಹಾಗಾಗಿ ಚಾಕ್ ಅಂಕಲ್‌ಗೂ ನನಗೂ ಬೇಗ ಸ್ನೇಹವಾಗಬೇಕಿತ್ತು. ಆದದ್ದು ಬೇರೆ. ಒಂದೇ ಊರಿನ ಇಬ್ಬರು ಪತ್ತೇದಾರರ ಹಾಗೆ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲೇ ನೋಡಿಕೊಂಡು ವರ್ಷಗಳನ್ನು ಕಳೆದೆವು.

ಮೊದಲು ಕಂಡದ್ದು ವುಡ್‌ಬ್ರಿಡ್ಜ್ ಸ್ಟೇಷನ್ನಿನಲ್ಲಿ. ಛತ್ರಿ ಮರೆತು ಬಂದಿದ್ದಕ್ಕೆ ನಾನು ನಮ್ಮ ಮನೆಯವರನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ, ಸಣಕಲು ಮೈಯ, ದಪ್ಪ ಕನ್ನಡಕದ, ಐವತ್ತರ ಆಸುಪಾಸಿನವರು ತಿರುಗಿ, “ಮೈಸೂರ ಕಡೆಯವರೇನ್ರಿ? ಬೈಗಳಾನೂ ಎಷ್ಟು ಮೆತ್ತಗದ” ಎಂದರು. ಅವರು ಧಾರವಾಡದವರು. ಮೂವರೂ ಒಂದೇ ಡಬ್ಬಿ ಹತ್ತಿದೆವು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರೆ ಮೂಗಿನ ಹತ್ತಿರ ಹಿಡಿದು, “ಚಿಕೋರಿ ಎಷ್ಟು ಹಾಕೀರಿ?” ಎಂದು ಕೇಳಿದರು. ಚಿಕೋರಿ ಹಾಕಿಲ್ಲವೆಂದೆ. ನಂಬಲಿಲ್ಲ. ಕುಡಿದು ಮುಗಿಸಿ, “ಸ್ವಲ್ಪ ಅದ” ಎಂದರು. ನಿಜವಾಗಿಯೂ ಸ್ವಲ್ಪ ಇತ್ತು.

ಆ ಟ್ರೇನಿನಲ್ಲೇ ಗೊತ್ತಾಯಿತು, ಅವರೂ ನಾನೂ ಮ್ಯಾನ್‌ಹಟನ್ನಿನ ಒಂದೇ ಇಂಜಿನಿಯರಿಂಗ್ ಆಫೀಸಿನಲ್ಲಿ ಬೇರೆ ಬೇರೆ ಮಹಡಿಗಳಲ್ಲಿ ಕೆಲಸ ಮಾಡುವವರೆಂದು. ಅವರು ಸೇತುವೆಗಳ ವಿಭಾಗದಲ್ಲಿ ಹಿರಿಯ ಇಂಜಿನಿಯರು. ನಾನು ವರದಿಗಳ ವಿಭಾಗದಲ್ಲಿ ಟೈಪು ಮಾಡಿ, ನಕ್ಷೆ, ಫೋಟೋ ಅಂಟಿಸಿ, ಹೊಲಿದು ಕಳಿಸುವವಳು. ಅಂದಿನಿಂದ ಅವರು ನನ್ನನ್ನು ತಂಗಿ ಎಂದು ಕರೆದರು. ನಾನು ಸಾರ್ ಎಂದೆ.

ಅಮೆರಿಕಕ್ಕೆ ಬರುವ ಮೊದಲು ಅವರು ಬಹಳ ವರ್ಷ ಪಿ.ಡಬ್ಲ್ಯು.ಡಿ.ಯಲ್ಲಿ ರಸ್ತೆ ಮಾಡಿಸಿದವರು. ಕಂಟ್ರಾಕ್ಟರುಗಳ ಕೈಚಳಕವನ್ನೆಲ್ಲ ಅಲ್ಲೇ ಕಲಿತಿದ್ದರು. “ಒದ್ದಿ ಉಸುಕು ಉಬ್ಬತದ ತಂಗಿ. ಸ್ವಲ್ಪ ನೀರು ಚಿಮಕಿಸಿ ಅಳದು ಕೊಟ್ರ ನಾಕು ಬುಟ್ಟಿ ಇದ್ದದ್ದು ಐದು ಆಗತದ. ಪೂರಾ ನೀರು ಸುರೀರಿ, ತಿರಗಿ ಕುಗ್ಗತದ” ಎನ್ನುತ್ತಿದ್ದರು. ಒದ್ದೆ ಮರಳಿನ ಈ ಮಾತನ್ನು ಅವರು ಮನುಷ್ಯರಿಗೂ ಬಳಸುತ್ತಿದ್ದರು. ನಮ್ಮ ಕೂಟದಲ್ಲಿ ತನ್ನ ಸಂಬಳ, ತನ್ನ ಬಾಸು, ತನ್ನ ಹುಲ್ಲುಹಾಸು ಎಂದು ಕೊಚ್ಚಿಕೊಳ್ಳುವವರು ಒಬ್ಬರಿದ್ದರು. ಅವರು ಬಾಯಿ ತೆರೆದರೆ ಸಾಕು, ಇವರು ನನ್ನ ಕಡೆ ಬಾಗಿ, “ಒದ್ದಿ ಉಸುಕು” ಎಂದು ಗೊಣಗಿ ಪಲ್ಯಕ್ಕೆ ಕೈ ಹಾಕುತ್ತಿದ್ದರು.

ಚಾಕ್ ಬಂದದ್ದೂ ಅಲ್ಲಿಂದಲೇ. ರಸ್ತೆಗೆ ಹಾಕುವ ಜಲ್ಲಿಯನ್ನು, ಅವರ ಕಡೆಯ ಮಾತಿನಲ್ಲಿ ಖಡಿಯನ್ನು, ಕಂಟ್ರಾಕ್ಟರು ದಾರಿಯ ಪಕ್ಕ ಗುಡ್ಡೆ ಹಾಕಿಸುತ್ತಾನೆ. ಇಂಜಿನಿಯರು ಅಳೆದು ಬರೆದುಕೊಂಡು ಮುಂದೆ ಹೋಗುತ್ತಾನೆ. ಅವನು ಅತ್ತ ಹೋದದ್ದೇ, ಕಂಟ್ರಾಕ್ಟರು ಅದೇ ಖಡಿಯನ್ನು ಎತ್ತಿನ ಗಾಡಿಗೆ ತುಂಬಿಸಿ ಮುಂದಿನ ಮೈಲಿಗಲ್ಲಿನ ಹತ್ತಿರ ಸುರಿಸಿ, ಇದು ಹೊಸ ಗುಡ್ಡೆ ಎಂದು ಇನ್ನೊಮ್ಮೆ ಅಳೆಸುತ್ತಾನೆ. ಇದಕ್ಕೆ ಹಳೆಯ ಇಂಜಿನಿಯರುಗಳು ಕಂಡುಕೊಂಡ ಮದ್ದು ಸುಣ್ಣದ ನೀರು. ಅಳೆದ ಗುಡ್ಡೆಯ ಮೇಲೆ ಸುಣ್ಣ ಚೆಲ್ಲಿಬಿಟ್ಟರೆ ಮುಗಿಯಿತು, ಆ ಕಲ್ಲು ಎಲ್ಲಿಗೆ ಹೋದರೂ ಬಿಳಿ ಮುಖ ತೋರಿಸುತ್ತದೆ. ನ್ಯೂಜೆರ್ಸಿಯಲ್ಲಿ ಸುಣ್ಣ ಹೊತ್ತು ತಿರುಗಲು ಆಗುವುದಿಲ್ಲವಲ್ಲ, ಅದಕ್ಕೆ ಚಾಕ್. ಒಮ್ಮೆ ಎಣಿಸಿದ್ದರ ಮೇಲೆಲ್ಲ ಗುರುತು ಹಾಕುವುದು ಅವರಿಗೆ ಕೈಗೆ ಅಂಟಿದ ಅಭ್ಯಾಸ. ಯುಗಾದಿಗೆ ಬಾಡಿಗೆ ಹಿಡಿದ ಸ್ಕೂಲ್ ಹಾಲಿನಲ್ಲಿ ಕುರ್ಚಿಗಳ ಬೆನ್ನಿಗೆಲ್ಲ ಗೆರೆ ಎಳೆದಿದ್ದರು; ಅಲ್ಲಿನ ಜಾನಿಟರ್ ಅದನ್ನು ನಮ್ಮಿಂದಲೇ ಒರೆಸಿಸಿದ್ದ. ಹಿಕ್ಸ್‌ವಿಲ್‌ನಿಂದ ಬಂದಿದ್ದ ಡಾಕ್ಟರ ರೇಷ್ಮೆ ಜುಬ್ಬದ ಮೇಲೂ ಒಂದು ಗೆರೆ ಸಿಕ್ಕಿತು. ಊಟಕ್ಕೆ ಎಷ್ಟು ಜನ ಎಂದು ಎಣಿಸುವಾಗ ಕೈತಪ್ಪಿತು ಎಂದರು. ಕೈತಪ್ಪಿತ್ತೆಂದು ನಾನು ಇಂದಿಗೂ ನಂಬಿಲ್ಲ.

ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವುದು, ಕಲ್ಲಂಗಡಿಯನ್ನು ತಟ್ಟಿದಷ್ಟೇ ಶ್ರದ್ಧೆಯಿಂದ ಹೊಸ ಕಟ್ಟಡಗಳ ಗೋಡೆ ತಟ್ಟುವುದು, ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಹತ್ತಿರ ಕೇಳಿ ತಾಳೆ ನೋಡುವುದು. “ಎರಡು ಕಡೆ ಕಂಡ್ರ ಗುಮಾನಿ, ಮೂರು ಕಡೆ ಕಂಡ್ರ ಸಾಕ್ಷಿ” ಎಂಬುದು ಅವರ ಗಾದೆ. ಬೇರೆ ಯಾರ ಬಾಯಲ್ಲೂ ನಾನು ಅದನ್ನು ಕೇಳಿಲ್ಲ.

ಬಾಂಗ್ಲಾ ಯುದ್ಧ ಮುಗಿದ ಮರುವರ್ಷ ನಮ್ಮ ಆಫೀಸಿಗೆ ಅಲ್ಲಿನ ಕೆಲಸ ಬಂತು. ಯುದ್ಧದಲ್ಲಿ ಮುರಿದುಬಿದ್ದ ಸೇತುವೆಗಳನ್ನು ನೆರವಿನ ಹಣದಿಂದ ಮತ್ತೆ ಕಟ್ಟುವುದು. ಕಟ್ಟುವ ಕಂಟ್ರಾಕ್ಟು ನ್ಯೂವಾರ್ಕ್‌ನ ಒಂದು ಖಾಸಗಿ ಕಂಪನಿಗೆ. ಅವರು ಕಳಿಸಿದ ಬಿಲ್ಲು ನ್ಯಾಯವಾದದ್ದೇ ಎಂದು ನೋಡಿ ರುಜು ಹಾಕುವುದು ನಮ್ಮ ಆಫೀಸು. ನಮ್ಮ ಮನೆಯವರು ಕೆಲಸದಲ್ಲಿದ್ದುದು ಆ ನ್ಯೂವಾರ್ಕ್ ಕಂಪನಿಯಲ್ಲೇ, ಕ್ರೇನು ಪಂಪುಗಳ ಬಿಡಿಭಾಗ ಕೊಳ್ಳುವ ಕಡೆ. ಗಂಡ ಬಿಲ್ಲು ಕಳಿಸುವವರ ಪಕ್ಷ, ಹೆಂಡತಿ ಬಿಲ್ಲು ನೋಡುವವರ ಪಕ್ಷ, ಸಂಜೆ ಇಬ್ಬರಿಗೂ ಒಂದೇ ಸಾರು.

ಆ ದೇಶದಲ್ಲಿ ಬಹುಪಾಲು ಬರಿಯ ಮೆಕ್ಕಲು ಮಣ್ಣು, ಕಲ್ಲೆಂಬುದೇ ಅಪರೂಪ. ಕಾಂಕ್ರೀಟಿಗೆ ಬೇಕಾದ ಜಲ್ಲಿಯನ್ನು ದೂರದಿಂದ ದೋಣಿಗಳಲ್ಲಿ ತರಿಸಬೇಕು. ಹಾಗಾಗಿ ಅಲ್ಲಿ ಜಲ್ಲಿಗೆ ಬಂಗಾರದ ಬೆಲೆ. ಕಂಪನಿಯವರು ಕಳಿಸಿದ ಜಲ್ಲಿಯ ಲೆಕ್ಕ ನೋಡಿದ ದಿನವೇ ನಮ್ಮ ಸಾರ್ ಮೂಗು ಅರಳಿಸಿದ್ದರು. “ಇಷ್ಟು ಖಡಿ ಹಾಕಿದ್ರ ಆ ದೇಶ ಮುಳಗತದ” ಎಂದರು. ಒಮ್ಮೆ ಹೋಗಿ ನೋಡಿ ಬರುತ್ತೇನೆಂದು ಹಟ ಹಿಡಿದು ಹೋದರು.

ಅಲ್ಲಿ ಅವರು ಮಾಡಿದ ಕೆಲಸವನ್ನು ವಾಪಸು ಬಂದ ಮೇಲೆ ನಗುನಗುತ್ತಾ ಹೇಳಿದ್ದರು. ಮೊದಲನೆಯ ಸೇತುವೆಯ ಹತ್ತಿರ ಜಲ್ಲಿಯ ದೊಡ್ಡ ಗುಡ್ಡೆಗಳು. ಅಳೆಸಿ, ಬಕೆಟ್ಟುಗಳಲ್ಲಿ ಸುಣ್ಣ ಕಲಸಿಸಿ, ಎಲ್ಲದರ ಮೇಲೂ ಹೊಡೆಸಿದರಂತೆ. ಕಂಪನಿಯ ಅಮೆರಿಕನ್ ಸೈಟ್ ಮ್ಯಾನೇಜರ್ ಓಡಿಬಂದು, ಇದೇನು ಎಂದು ಕೇಳಿದ. ಇವರು ಉತ್ತರ ಹುಡುಕುವುದರೊಳಗೆ ಅವನೇ, “ನಿಮ್ಮ ಹಿಂದೂ ಪೂಜೆಯೇ?” ಎಂದ.

“ನೀವೇನಂದ್ರಿ ಸಾರ್?”

“ಹೌದು ಅಂದೆ. ಭಾಳ ಮುಖ್ಯ ಪೂಜಾ ಅಂದೆ. ಅಂವಾ ಟೋಪಿ ತಗದು ನಿಂತ ತಂಗಿ. ಅಲ್ಲಿ ಕೂಲಿ ಜನಕ್ಕ ಎಲ್ಲಾ ಗೊತ್ತಿತ್ತು. ಮಾರಿ ಆಕಡೆ ತಿರವಿ ನಗತಿದ್ರು.”

“ಸುಳ್ಳು ಹೇಳಿದ ಹಾಗಾಯ್ತಲ್ಲ.”

“ಪೂಜಾನ ಅಲ್ಲೇನ್ರಿ ಅದು?” ಎಂದರು, ನಗು ನಿಲ್ಲಿಸಿ.

ನಾನು ಅದನ್ನು ಒಂದು ತಮಾಷೆಯ ಕತೆಯೆಂದು ಕೇಳಿ ಮರೆತೆ. ದೊಡ್ಡದೊಂದು ಪತ್ತೇದಾರಿ ನಡೆಯುತ್ತಿದೆಯೆಂದು ನನಗೆ ಹೊಳೆಯಲಿಲ್ಲ. ಪ್ರತಿ ತಿಂಗಳೂ ಸೈಟುಗಳಿಂದ ಫೋಟೋ ಬರುತ್ತಿದ್ದವು. ಒಂದೊಂದು ಸೇತುವೆಯದೂ ಬೇರೆ ಬೇರೆ ಲಕೋಟೆ. ಅವನ್ನು ವರದಿಯಲ್ಲಿ ಅಂಟಿಸುವುದು ನನ್ನ ಕೆಲಸ. ಆ ಸಲ ಲಕೋಟೆ ಬಂದ ದಿನವೇ ಅವರು ಭೂತಗನ್ನಡಿ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತರು. ಎರಡನೆಯ ಸೇತುವೆಯ ಒಂದು ಫೋಟೋ ಆರಿಸಿಕೊಂಡು, “ಇದನ್ನ ಹಚ್ಚಬ್ಯಾಡ್ರಿ, ನನ್ನ ಹತ್ರ ಇರ್ಲಿ” ಎಂದು ಜೇಬಿಗಿಟ್ಟರು.

“ಯಾಕೆ ಸಾರ್?”

“ಸುಮ್ನ.”

ಸುಮ್ಮನೆ ಯಾವುದನ್ನೂ ಮಾಡದ ಮನುಷ್ಯ ಸುಮ್ಮನೆ ಎಂದರೆ ಯಾರಿಗಾದರೂ ಗುಮಾನಿ ಬರಬೇಕು. ನನಗೆ ಬಂತು. ವರದಿಯಿಂದ ಫೋಟೋ ತೆಗೆಯುತ್ತಾರೆ ಎಂದರೆ ಏನನ್ನೋ ಮುಚ್ಚುತ್ತಿದ್ದಾರೆ. ಯಾರ ಪರವಾಗಿ? ಮನೆಗೆ ಬಂದು ನಮ್ಮವರಿಗೂ ಹೇಳಿದೆ. ಅವರು, “ನಿನಗೆ ಎಲ್ಲರ ಮೇಲೂ ಅನುಮಾನ” ಎಂದು ಪೇಪರಿನೊಳಗೆ ಮುಖ ಹುದುಗಿಸಿದರು.

ಅದೇ ವಾರ, ಭಾನುವಾರ ಮಧ್ಯಾಹ್ನ, ಫೋನು ಕೂಡ ಮಾಡದೆ ಸಾರ್ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಹುಳಿ, ಬೀನ್ಸ್ ಪಲ್ಯ ಇತ್ತು. ಬಡಿಸಿದೆ. ಬೇಳೆ ಎಲ್ಲಿ ಕೊಂಡಿರಿ ಎಂದು ಕೇಳಲಿಲ್ಲ, ತುಪ್ಪ ಮೂಸಲಿಲ್ಲ. ತೊಟ್ಟಿಲಲ್ಲಿದ್ದ ನಮ್ಮ ಮಗಳನ್ನು ಸ್ವಲ್ಪ ಹೊತ್ತು ನೋಡಿ, ಕೈ ತೊಳೆದು ಬಂದು ಹೇಳಿದರು:

“ಯಜಮಾನ್ರು ಬ್ಯಾರೆ ಕಡೆ ಕೆಲಸ ನೋಡ್ಕೊಂಡ್ರ ಛಲೋ.”

“ಯಾಕೆ ಸಾರ್? ಏನಾದ್ರೂ ಕೇಳಿದ್ರಾ?” ಎಂದರು ನಮ್ಮವರು. ಮುಖದ ಬಣ್ಣ ಹೋಗಿತ್ತು. ಅದು ಇಂಜಿನಿಯರುಗಳು ಬೆಳಿಗ್ಗೆ ಕೋಟು ಹಾಕಿಕೊಂಡು ಆಫೀಸಿಗೆ ಹೋಗಿ ಮಧ್ಯಾಹ್ನ ಕೆಲಸ ಕಳೆದುಕೊಂಡು ಪೆಟ್ಟಿಗೆ ಹೊತ್ತು ಮನೆಗೆ ಬರುತ್ತಿದ್ದ ಕಾಲ.

“ಯಾಕ ಅಂತ ಕೇಳಬ್ಯಾಡ್ರಿ. ಒಂದು ತಿಂಗಳು ಟೈಮ್ ಅದ. ಕೂಸು ಸಣ್ಣದದ ಅಂತ ಹೇಳ್ದೆ. ಬ್ಯಾರೆ ಯಾರಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.”

ಅವರು ಹೋದ ಮೇಲೆ ನಾನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ಇದು ಬುದ್ಧಿಮಾತಲ್ಲಾರೀ, ಬೆದರಿಕೆ. ನಿಮ್ಮನ್ನ ಎಬ್ಬಿಸಿ ಆ ಸೀಟಿಗೆ ತಮ್ಮ ಕಡೆಯವರನ್ನ ಕೂರಿಸೋ ಹುನ್ನಾರ.” ಮಾರನೆಯ ಬೆಳಿಗ್ಗೆ ಮೂವರೂ ಎಂದಿನ ಟ್ರೇನ್ ಹತ್ತಿದೆವು. ನಮ್ಮವರು ನ್ಯೂವಾರ್ಕ್‌ನಲ್ಲಿ ಇಳಿದುಕೊಂಡರು.

ಬುಧವಾರ ನಮ್ಮ ಆಫೀಸಿಗೆ ನ್ಯೂವಾರ್ಕ್ ಕಂಪನಿಯ ಒಬ್ಬ ದೊಡ್ಡ ಮನುಷ್ಯ ಬಂದ. ಆರಡಿ ಎತ್ತರ, ಬೂದು ಬಣ್ಣದ ಟೋಪಿ. ಸಾರ್ ಅವರ ಹೆಗಲ ಮೇಲೆ ಕೈಹಾಕಿ ಊಟಕ್ಕೆ ಕರೆದುಕೊಂಡು ಹೋದ. ಹೊರಗೆ ನೀರನ್ನೂ ಕುಡಿಯದೆ, ಮೊಸರನ್ನದ ಡಬ್ಬಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟು ತಿನ್ನುವ ಮನುಷ್ಯ ಕೋಟು ಹಾಕಿಕೊಂಡು ಅವನ ಹಿಂದೆ ಹೋದರು. ಆಫೀಸಿಗೆ ಆಫೀಸೇ ನೋಡಿತು. ವಾಪಸು ಬಂದವರು ನೇರವಾಗಿ ತಮ್ಮ ಮೇಜಿಗೆ ಹೋಗಿ ಕೂತರು. ಸಂಜೆಯ ಟ್ರೇನಿನಲ್ಲಿ ನಾನು, “ಊಟ ಹೇಗಿತ್ತು ಸಾರ್?” ಎಂದು ಚುಚ್ಚಿದೆ. “ಉಪ್ಪು ಜಾಸ್ತಿ” ಎಂದರು.

ಮುಂದಿನ ತಿಂಗಳು ಮೂರನೆಯ ಸೇತುವೆಯ ಫೋಟೋ ಬಂತು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಜಲ್ಲಿಯ ಗುಡ್ಡೆ ಮಳೆಯಲ್ಲಿ ನೆನೆದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. “ಹಚ್ಚರಿ ತಂಗಿ. ಛಲೋ ತೊಳದಾರ” ಎಂದು ಫೋಟೋ ನನ್ನ ಮುಂದಿಟ್ಟು ಹೋದರು.

ಅದಾದ ಎರಡು ದಿನಕ್ಕೆ ಅವರು ಮೇಲಿನವರ ಮುಂದೆ ವಿಷಯ ಎತ್ತಿದರು. ಆಗಲೇ ನಮಗೆಲ್ಲ ಕತೆ ತಿಳಿದದ್ದು. ಮೊದಲನೆಯ ಸೇತುವೆಯಲ್ಲಿ ಸುಣ್ಣ ಹೊಡೆಸಿದ ಜಲ್ಲಿಯೇ ಎರಡನೆಯ ಸೇತುವೆಯ ಫೋಟೋದಲ್ಲಿ ಬಿಳಿ ಬಿಳಿಯಾಗಿ ಕಾಣುತ್ತಿದೆ. ಒಂದೇ ಕಲ್ಲನ್ನು ದೋಣಿಯಲ್ಲಿ ಊರೂರು ಸುತ್ತಿಸಿ, ಹೋದಲ್ಲೆಲ್ಲ ಹೊಸದೆಂದು ಬಿಲ್ಲು ಮಾಡುತ್ತಿದ್ದಾರೆ ಎಂಬುದು ಅವರ ವಾದ. ಕಂಪನಿಯವರು, ದೋಣಿಯಲ್ಲಿ ಸುಣ್ಣದ ಚೀಲ ಒಡೆದು ನಾಲ್ಕು ಕಲ್ಲಿಗೆ ತಾಗಿರಬಹುದು ಎಂದರು. ಮೂರನೆಯ ಕಡೆ ಇದೆಯೇ ಎಂದು ನಮ್ಮ ಬಾಸ್ ಕೇಳಿದ. ಇರಲಿಲ್ಲ. ನೆರವಿನ ಹಣ ಕೊಟ್ಟ ಕಚೇರಿಯಿಂದ ಇಬ್ಬರು ಬಂದು ವಿಚಾರಿಸಿ ಹೋದರು. ಪೇಪರಿನ ಒಳಪುಟದಲ್ಲಿ ‘ಆರೋಪ’ ಎಂದು ನಾಲ್ಕು ಸಾಲು ಬಂತು. ಬಿಲ್ಲು ಪಾಸಾಯಿತು. ಬೆಂಕಿ ಬಿದ್ದ ಊರಿನ ಮನೆ ಕಟ್ಟುವ ದುಡ್ಡಿಗೆ ಕೈಹಾಕಿದವರು ಮೀಸೆ ತಿರುವಿಕೊಂಡು ಹೋದರು. ಇವರು ರಾಜೀನಾಮೆ ಕೊಟ್ಟರೋ, ಕೊಡಿಸಿದರೋ, ಒಂದು ಶುಕ್ರವಾರ ಮೊಸರನ್ನದ ಡಬ್ಬಿ ಎತ್ತಿಕೊಂಡು ಹೊರಟರು.

ನಾನು ಕೂಡಿಸಿ ಕಳೆದು ನೋಡಿದೆ. ಸುಣ್ಣದ ಗುಟ್ಟು ಗೊತ್ತಿದ್ದುದು, ತಮಾಷೆಯೆಂದು ಕೇಳಿ ಮರೆತ ನನ್ನನ್ನು ಬಿಟ್ಟರೆ, ಅವರಿಗೆ ಒಬ್ಬರಿಗೇ. ಊಟಕ್ಕೆ ಹೋಗಿ ಬಂದದ್ದು ಅವರೇ. ಊಟದ ನಂತರವೇ ಕಲ್ಲು ಸ್ನಾನ ಮಾಡಿದ್ದು. ಹಾಗಾದರೆ ಆ ಮೇಜಿನ ಮೇಲೆ ಗುಟ್ಟು ಮಾರಾಟವಾಯಿತು. ಆಮೇಲಿನ ದೂರು ಲೋಕದ ಕಣ್ಣಿಗೆ ಮಣ್ಣೆರಚಲು. ನನ್ನ ತರ್ಕದಲ್ಲಿ ಒಂದು ಬಿರುಕೂ ಕಾಣಲಿಲ್ಲ. ದೀಪಾವಳಿಯ ಪಾಟ್‌ಲಕ್ ಊಟದಲ್ಲಿ ಆ ಒದ್ದೆ ಉಸುಕಿನವರೂ ಇದನ್ನೇ ಹೇಳಿದಾಗ ನಾನು ಹೂಂಗುಟ್ಟಿದೆ. ಊಟದ ರಾಯರು ಎಂದು ಹೆಸರಿಟ್ಟವರೂ ಅವರೇ. ಕೆಲವೇ ದಿನಕ್ಕೆ ಸಾರ್ ಒಂದು ದೊಡ್ಡ ಸ್ಟೇಷನ್ ವ್ಯಾಗನ್ ಕಾರು ಕೊಂಡರು. ಇನ್ನೇನು ಬೇಕು?

ಇದೆಲ್ಲದರ ನಡುವೆ ನಮ್ಮ ಮನೆಯವರಿಗೆ ಬಡ್ತಿಯಾಯಿತು. ಕೆಲಸ ಬಿಡಿ ಎಂದಿದ್ದವರ ಬಾಯಿಗೆ ಬೀಗ ಬಿತ್ತೆಂದು ನನಗೆ ಖುಷಿ. ಶ್ಯಾವಿಗೆ ಪಾಯಸ ಮಾಡಿ, ಬೇಕೆಂದೇ ಒಂದು ಡಬ್ಬಿ ಆಫೀಸಿಗೂ ಒಯ್ದಿದ್ದೆ. ಸಾರ್ ಕೆಲಸ ಬಿಟ್ಟು ಹೋಗುವ ಹಿಂದಿನ ವಾರ ಅದು. “ಯಾತರ ಪಾಯಸ?” ಎಂದರು. “ನಮ್ಮವರಿಗೆ ಪ್ರಮೋಷನ್ ಆಯ್ತು ಸಾರ್.” ಚಮಚ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಆಮೇಲೆ ತಿಂದರು. ಡಬ್ಬಿ ಪೂರ್ತಿ ಖಾಲಿ ಮಾಡಿ, ತೊಳೆದು ತಂದುಕೊಟ್ಟು, “ಛಲೋ ಆತು ತಂಗಿ. ಕೂಸಿಗೆ ಆತು” ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಬೇರೆ ಯಾವ ಇಂಜಿನಿಯರಿಂಗ್ ಆಫೀಸೂ ಅವರನ್ನು ತೆಗೆದುಕೊಳ್ಳಲಿಲ್ಲ. ಸ್ಟೇಷನ್ ವ್ಯಾಗನ್ ಕೊಂಡದ್ದು ಹೊಟ್ಟೆಪಾಡಿಗೆಂದು ನಿಧಾನವಾಗಿ ಗೊತ್ತಾಯಿತು; ಅದೂ ಮೂರು ಕೈ ಬದಲಾಗಿ ಬಂದ ಹಳೆಯ ಗಾಡಿ. ಏಣಿ, ಟಾರ್ಚು, ಸುತ್ತಿಗೆ ತುಂಬಿಕೊಂಡು, ಮನೆ ಕೊಳ್ಳುವವರ ಪರವಾಗಿ ಮನೆ ಪರೀಕ್ಷಿಸುವ ಕೆಲಸ ಹಿಡಿದಿದ್ದರು. ಆ ವರ್ಷಗಳಲ್ಲಿ ನಮ್ಮವರೆಲ್ಲ ಅಪಾರ್ಟ್‌ಮೆಂಟು ಬಿಟ್ಟು ಮನೆ ಕೊಳ್ಳುವ ಗಡಿಬಿಡಿಯಲ್ಲಿದ್ದರು. ಅವರ ಮೇಲೆ ಎಷ್ಟು ಅನುಮಾನವೋ ಅವರ ಅನುಮಾನದ ಮೇಲೆ ಅಷ್ಟೇ ನಂಬಿಕೆ. ಊಟದ ರಾಯರು ಎಂದು ಆಡಿಕೊಂಡ ಬಾಯಿಗಳೇ ಫೋನ್ ಮಾಡಿ, “ಸಾರ್, ಒಂದು ಸಲ ಬೇಸ್‌ಮೆಂಟ್ ನೋಡಿಬಿಡಿ” ಎಂದು ಅಂಗಲಾಚುತ್ತಿದ್ದವು. ಅವರು ಹೋಗಿ ಗೋಡೆ ತಟ್ಟುವರು, ತೊಲೆ ಚುಚ್ಚುವರು, ನೆಲ ಮೂಸುವರು, ಬಿರುಕಿನ ಪಕ್ಕ ಚಾಕ್ ಗೆರೆ ಎಳೆಯುವರು. ಮಾರುವವನ ಬೆವರು ಇಳಿಸುವರು. ಅವರು ಬೇಡವೆಂದ ಮನೆಯನ್ನು ಹಟಕ್ಕೆ ಕೊಂಡ ಆ ಒದ್ದೆ ಉಸುಕಿನವರ ಬೇಸ್‌ಮೆಂಟು ಮೊದಲ ಮಳೆಗೇ ಕೆರೆಯಾಯಿತು.

ನಾವು ವುಡ್‌ಬ್ರಿಡ್ಜ್‌ನಲ್ಲಿ ಮನೆ ನೋಡಿದಾಗ ನಾನೇ ಅವರನ್ನು ಕರೆಸಿದೆ. ನಮ್ಮವರು, ಬೇರೆ ಯಾರೂ ಸಿಗಲಿಲ್ಲವೇ ಎಂದು ಸಿಡುಕಿದರು. ಆ ಊಟದ ಪ್ರಕರಣದಿಂದಾಚೆ ನಮ್ಮವರು ಅವರ ಕಣ್ಣು ತಪ್ಪಿಸಿಯೇ ಓಡಾಡುತ್ತಿದ್ದರು. ಮೊದಲು ಒಂದೇ ಟ್ರೇನಿನಲ್ಲಿ ಹೋಗುತ್ತಿದ್ದವರು, ಅವರು ಕೆಲಸ ಬಿಡುವ ಮುಂಚೆಯೇ, ಬೇಗ ಹೋಗಬೇಕೆಂದು ನೆಪ ಹೇಳಿ ಮುಂಚಿನ ಟ್ರೇನ್ ಹಿಡಿಯತೊಡಗಿದ್ದರು. ಅಪ್ರಾಮಾಣಿಕರನ್ನು ಕಂಡರೆ ನಮ್ಮವರಿಗೆ ಆಗುವುದಿಲ್ಲವೆಂದು ನಾನು ಒಳಗೊಳಗೇ ಹೆಮ್ಮೆ ಪಟ್ಟಿದ್ದೆ.

ಅವರು ಮೇಲೆಲ್ಲ ನೋಡಿ, ಕೆಳಗೆ ಬೇಸ್‌ಮೆಂಟಿಗೆ ಇಳಿಯುವಾಗ, “ಟಾರ್ಚ್ ಹಿಡೀಲಿಕ್ಕೆ ಯಜಮಾನ್ರು ಬರ್ಲಿ” ಎಂದರು. ಇಬ್ಬರೂ ಇಳಿದರು. ಸುತ್ತಿಗೆಯ ಟಕಟಕ ಕೇಳಿಸಿತು, ಆಮೇಲೆ ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮೇಲೆ ಬಂದಾಗ ನಮ್ಮವರ ಕಣ್ಣು ಕೆಂಪಗಿತ್ತು. ಧೂಳು ಎಂದರು. ಅವರು ನನ್ನ ಕಡೆ ತಿರುಗಿ, “ಮನಿ ಗಟ್ಟಿ ಅದ ತಗೋರಿ. ಒಂದು ಸಣ್ಣ ಬಿರುಕು ಅದ, ಅದಕ್ಕೇನು ಹೆದರಬ್ಯಾಡ್ರಿ” ಎಂದರು. ಹಣ ಕೊಡಲು ಹೋದರೆ ಕೈ ಅಡ್ಡ ಹಿಡಿದು, ಕಾಫಿ ಕೇಳಿ ಕುಡಿದರು. ಚಿಕೋರಿಯ ಮಾತೆತ್ತಲಿಲ್ಲ. ಹಣ ಬೇಡವೆಂದದ್ದೂ ನನ್ನ ಗುಮಾನಿಗೆ ತುಪ್ಪ ಸುರಿಯಿತು. ಪುಕ್ಕಟೆ ಕೆಲಸ ಮಾಡಿ ನಮ್ಮವರಿಂದ ಏನು ಗಿಟ್ಟಿಸಲು ಹೊರಟಿದ್ದಾರೋ ಎಂದು.

ಹೀಗೆ ಐದಾರು ವರ್ಷ. ಅವರ ಹೃದಯ ನಿಂತದ್ದು ಯಾರದೋ ಮನೆಯ ಮಾಳಿಗೆಯಲ್ಲಿ, ತೊಲೆ ನೋಡುವಾಗ.

ಫ್ಯೂನರಲ್ ಹೋಮ್‌ನಿಂದ ಅವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತೆವು. ನಡುಮನೆಯಲ್ಲಿ ನಾಲ್ಕೈದು ಜನ ಗಂಡಸರು ಕಾಗದದ ಲೋಟದಲ್ಲಿ ಕಾಫಿ ಹಿಡಿದು ನಿಂತಿದ್ದರು. ಒದ್ದೆ ಉಸುಕಿನವರು ದನಿ ತಗ್ಗಿಸಿ, “ಏನೇ ಇರ್ಲಿ, ಆ ಒಂದು ಊಟ ಮಾಡದೇ ಇದ್ದಿದ್ರೆ ದೊಡ್ಡ ಮನುಷ್ಯ” ಎಂದರು. ಇಬ್ಬರು ತಲೆದೂಗಿದರು. ನಮ್ಮವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ನಡಿ, ಹೋಗೋಣ” ಎಂದರು.

ದಾರಿಯಲ್ಲಿ ಕಾರನ್ನು ಹೈವೇ ಪಕ್ಕಕ್ಕೆ ತೆಗೆದು ನಿಲ್ಲಿಸಿದರು. ಕೆಟ್ಟಿತೇ ಎಂದೆ. ಇಲ್ಲವೆಂದು ತಲೆಯಾಡಿಸಿದರು.

“ಆ ಭಾನುವಾರ ಅವರು ಬಂದು ಹೇಳಿದ್ರಲ್ಲ, ಕೆಲಸ ನೋಡ್ಕೊಳ್ಳಿ ಅಂತ. ಸೋಮವಾರಾನೇ ನಾನು ನಮ್ಮ ಬಾಸ್ ಹತ್ರ ಹೋಗಿ ಕೇಳ್ಬಿಟ್ಟೆ ಕಣೆ.”

“ಏನಂತ?”

“ನನ್ನ ಕೆಲಸಕ್ಕೆ ತೊಂದ್ರೆ ಇಲ್ವಲ್ಲ ಸಾರ್ ಅಂತ. ಯಾಕೆ ಕೇಳ್ತೀಯ ಅಂದ. ಯಾರು ಹೇಳಿದ್ರು ಅಂದ. ಹೇಳ್ದೆ.”

ಭಯವಾದಾಗ ಮೇಲಿನವರ ಮುಂದೆ ಕೈಕಟ್ಟಿ ನಿಂತು, ತೊಂದರೆ ಇಲ್ಲವಲ್ಲ ಎಂದು ಕೇಳಿ ಧೈರ್ಯ ತಂದುಕೊಳ್ಳುವುದು ನಮ್ಮ ಜನದ ಹಳೆಯ ಚಾಳಿ. ನನ್ನಪ್ಪನೂ ಮೈಸೂರಿನ ತಾಲ್ಲೂಕು ಕಚೇರಿಯಲ್ಲಿ ಹಾಗೆಯೇ ನಿಲ್ಲುತ್ತಿದ್ದ.

“ಸುಣ್ಣಗಿಣ್ಣ ನನಗೆ ಗೊತ್ತೇ ಇರ್ಲಿಲ್ಲ. ಕಂಪನಿಯವರೇ ಸೈಟಿಗೆ ಸುದ್ದಿ ಕಳಿಸಿ, ಆ ಮನುಷ್ಯ ಬಂದಾಗ ಏನು ಮಾಡಿದ ಅಂತ ವಿಚಾರಿಸಿದಾರೆ. ಕಲ್ಲಿನ ಮೇಲೆ ಸುಣ್ಣ ಹೊಡೆಸಿ ಪೂಜೆ ಮಾಡಿದ ಅಂತ ಗೊತ್ತಾಗಿ, ಕಲ್ಲೆಲ್ಲ ತೊಳೆಸಿದಾರೆ. ಬುಧವಾರ ಆ ಟೋಪಿಯವನು ಊಟಕ್ಕೆ ಕರ್ಕೊಂಡು ಹೋದಾಗ, ನಿಮ್ಮ ದೇಶದವನೇ ನಮಗೆ ಹೇಳಿದ್ದು ಅಂತ ನನ್ನ ಹೆಸರು ಹೇಳಿ ನಕ್ಕನಂತೆ. ಎಷ್ಟು ಬೇಕು ಅಂತ ಇವರನ್ನೂ ಕೇಳಿದನಂತೆ. ಇವರು ನೀರೂ ಮುಟ್ಟದೆ ಎದ್ದು ಬಂದ್ರಂತೆ.”

ಯಾರನ್ನೂ ನಂಬದ ಮನುಷ್ಯ, ಮೂರನೆಯ ಸಾಕ್ಷಿಗಾಗಿ ಕಾಯುತ್ತಿದ್ದವರು, ತೊಟ್ಟಿಲಿನ ಮಗುವನ್ನು ನೋಡಿ ಒಂದೇ ಒಂದು ಮನೆಯಲ್ಲಿ ಬಾಯಿ ಬಿಟ್ಟಿದ್ದರು. ಅದು ನಮ್ಮ ಮನೆ. ನಾನು ಇಡೀ ನ್ಯೂಜೆರ್ಸಿಯನ್ನು ಅನುಮಾನಿಸಿದೆ. ಮನೆಯಲ್ಲೇ ಎದುರಿಗೆ ಕೂತು ಬಡ್ತಿಯ ಪಾಯಸ ತಿಂದ ನಮ್ಮವರನ್ನು ಬಿಟ್ಟು. ಸಿಟ್ಟು ಬಂತು, ಅಳು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಪಕ್ಕದಲ್ಲಿ ಲಾರಿಗಳು ಹಾದುಹೋದಾಗಲೆಲ್ಲ ನಮ್ಮ ಕಾರು ಅಲುಗುತ್ತಿತ್ತು.

“ಇದೆಲ್ಲ ನಿಮಗೆ ಹೇಗೆ ಗೊತ್ತಾಯ್ತು?”

“ಬೇಸ್‌ಮೆಂಟಿನಲ್ಲಿ ಅವರೇ ಹೇಳಿದ್ರು.”

“ನಾಲ್ಕು ಜನರ ಮುಂದೆ ಒಂದು ಮಾತು ಹೇಳಿದ್ರೆ ಅವರ ಮೇಲಿನ ಮಸಿ ಹೋಗ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ? ನನಗಾದ್ರೂ ಹೇಳ್ಬಹುದಿತ್ತು.”

ನಮ್ಮವರು ಸ್ಟಿಯರಿಂಗ್ ಮೇಲಿನ ಕೈ ತೆಗೆಯಲಿಲ್ಲ. “ನಾನೇ ನಿನಗೆ ಹೇಳ್ತೀನಿ ಅಂದೆ. ಅವರು ಬೇಡ ಅಂದ್ರು” ಎಂದರು. ಆಮೇಲೆ, ಹುಟ್ಟಿದಾಗಿನಿಂದ ಮೈಸೂರಿನ ಕನ್ನಡವನ್ನೇ ಆಡಿದ ನಮ್ಮ ಮನೆಯವರು, ಬೇಸ್‌ಮೆಂಟಿನಲ್ಲಿ ಕೇಳಿದ ಮಾತನ್ನು ಕೇಳಿದ ಹಾಗೆಯೇ ಒಪ್ಪಿಸಿದರು:

“ತಂಗಿಗೆ ಹೇಳಬ್ಯಾಡ್ರಿ. ಆಕಿ ಒಮ್ಮೆ ಗುಮಾನಿ ಪಟ್ಟರ ಜನ್ಮಕ್ಕೂ ಬಿಡೂದಿಲ್ಲ. ನೀವು ಇನ್ನೂ ಭಾಳ ವರ್ಷ ಆಕಿ ಜೋಡಿ ಬಾಳ್ವೆ ಮಾಡಬೇಕು. ಅದು ನನ್ನ ಮ್ಯಾಲೇ ಇರ್ಲಿ ಬಿಡ್ರಿ.”